ಹತ್ತನೇ ದಿನ ಎಂದರೆ ಯಾವ ದಿನ?

ನನ್ನ ಕನ್ನಡಕದ ಡಬ್ಬಿಯಲ್ಲಿ ಒಂದು ಕಡ್ಡಿ ಇದೆ. ತೆಂಗಿನಗರಿಯದ್ದು, ಬೆರಳುದ್ದ. ತುದಿಯನ್ನು ಬ್ಲೇಡಿನಲ್ಲಿ ಹೆರೆದು ಚಪ್ಪಟೆ ಮಾಡಿ ಚೂರೇ ಚೂರು ಬಾಗಿಸಿದ್ದು. ಕಳೆದ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ರಿಸೆಪ್ಷನ್ನಿನ ಹುಡುಗಿ ಅದನ್ನು ಕಂಡು, "ಆಂಟಿ, ಇದು ಹಲ್ಲಿಗಾ, ಕಿವಿಗಾ?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಎಪ್ಪತ್ತೊಂದರ ಹೆಂಗಸಿನ ಬಳಿ ಇರುವ ಕಡ್ಡಿಗೆ ಇವೆರಡಕ್ಕಿಂತ ದೊಡ್ಡ ಉದ್ಯೋಗವನ್ನು ಯಾರು ತಾನೇ ಊಹಿಸಿಯಾರು?

"ರಾಣಿ ಮಾಡಲಿಕ್ಕೆ" ಎಂದೆ.

ಅವಳು "ಓಹ್, ಸೂಪರ್" ಎಂದು ನಕ್ಕು ಮುಂದಿನ ಪೇಶಂಟನ್ನು ಕರೆದಳು. ಪಾಪ, ಮುದುಕಿಗೆ ಕಣ್ಣಷ್ಟೇ ಅಲ್ಲ, ಮೇಲಿನ ಮಹಡಿಯೂ ಸ್ವಲ್ಪ ಮಬ್ಬು ಎಂದುಕೊಂಡಿರಬೇಕು.

ಆದರೆ ನಾನು ಹೇಳಿದ್ದು ಸತ್ಯ. ಜೇನುಗೂಡಿನಲ್ಲಿ ರಾಣಿಯ ಮೊಟ್ಟೆ ಎಂದು ಬೇರೆ ಇರುವುದಿಲ್ಲ. ದುಡಿಯುವ ನೊಣವಾಗಿ ಸಾಯಬೇಕಾದ ಹೆಣ್ಣು ಮರಿಹುಳವನ್ನೇ, ಮೊಟ್ಟೆಯೊಡೆದು ಒಂದು ದಿನ ಕಳೆಯುವ ಮೊದಲು, ಅದರ ಕೋಣೆಯಿಂದ ಇಂಥ ಕಡ್ಡಿಯಲ್ಲಿ ಎತ್ತಬೇಕು. ಮೇಣದ ಪುಟ್ಟ ಬಟ್ಟಲಿನಲ್ಲಿಟ್ಟು, ರಾಣಿಯಿಲ್ಲದ ಬೇರೊಂದು ಪೆಟ್ಟಿಗೆಯೊಳಗೆ ಬೋರಲಾಗಿ ತೂಗುಹಾಕಬೇಕು. ತಾಯಿಯಿಲ್ಲದೆ ಕಂಗಾಲಾದ ಅಲ್ಲಿಯ ನೊಣಗಳು ಅದರ ಬಾಯಿಗೆ ಬಿಳೀ ರಾಜಭೋಗವನ್ನು ಸುರಿದು ಸುರಿದು ರಾಣಿ ಮಾಡಿಬಿಡುತ್ತವೆ. ಹುಳ ಅದೇ, ಊಟ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಇದಕ್ಕೆ ಗ್ರಾಫ್ಟಿಂಗ್ ಎನ್ನುತ್ತಾರೆ. ಕನ್ನಡದ ಕೈಪಿಡಿಯೊಂದರಲ್ಲಿ 'ಕಸಿ' ಎಂದು ಬರೆದಿದೆ. ಕಸಿ ಮಾಡುವುದು, ಕಸಿದುಕೊಳ್ಳುವುದು. ಕನ್ನಡ ಎಷ್ಟು ಪ್ರಾಮಾಣಿಕ ಭಾಷೆ ನೋಡಿ. ನನ್ನ ಅಕ್ಕ ಗುಲಾಬಿ ಮಾತ್ರ ಈ ಯಾವ ಪದವನ್ನೂ ಬಳಸುತ್ತಿರಲಿಲ್ಲ. ಅವಳ ಬಾಯಲ್ಲಿ ಅದು "ಹುಳ ಎತ್ತುದ್", ಅಷ್ಟೇ.

ಅಕ್ಕ ಈಗ ಇಲ್ಲ. ಹೋದ ಮಳೆಗಾಲದ ಆರಂಭದಲ್ಲಿ ಹೋದಳು. ನಾನು ಹೇಳಹೊರಟಿರುವುದು ಅದಕ್ಕೆ ಮುಂಚಿನ ಮೂರು ತಿಂಗಳ ಮಾತು. ಎಪ್ಪತ್ತರ ವಯಸ್ಸಿನಲ್ಲಿ ನಾನು ಒಂದು ವಿದ್ಯೆ ಕಲಿಯಲು ಕೂತೆ, ಕಲಿಸಿದವಳಿಗೆ ಪುರುಸೊತ್ತಿರಲಿಲ್ಲ.

ಶುರುವಾದದ್ದು ಒಂದು ಫೋನಿನಿಂದ. ನಾನು ಕುಂದಾಪುರ ಪೇಟೆಯಲ್ಲಿ, ಅವಳು ಗುಲ್ವಾಡಿಯಲ್ಲಿ, ಹೊಳೆಬದಿಯ ಮನೆಯಲ್ಲಿ. ಕ್ಯಾನ್ಸರಿನ ಮದ್ದಿನ ಮೂರನೇ ಸುತ್ತು ಮುಗಿಸಿ ಬಂದಿದ್ದಳು. ನಾನು ಏನು ಕೇಳಬೇಕು, ಏನು ಕೇಳಬಾರದು ಎಂದು ಮನಸ್ಸಿನಲ್ಲೇ ಕರೆಕ್ಷನ್ ಹಾಕುತ್ತಿರುವಾಗ ಅವಳೇ ಫೋನ್ ಮಾಡಿದಳು.

"ಹೆಣೆ, ನೀನ್ ಕಣ್ಣಿನ ಪೊರೆ ತೆಗ್ಸಿದ್ದೆ ಅಲ್ದಾ? ಈಗ ಸಮಾ ಕಾಣ್ತಾ?"

"ಕ್ರಿಸ್ಟಲ್ ಕ್ಲಿಯರ್ ಅಕ್ಕ. ನಿನ್ನ ಆರೋಗ್ಯ…"

"ಕೈ ನಡುಗ್ತಾ?"

"ಇಲ್ಲ."

"ಹಂಗಾರೆ ನಾಳೆ ಬಾ. ಜೇನಿನ್ ಕೆಲ್ಸ ಇತ್ತ್." ಫೋನ್ ಇಟ್ಟಾಯಿತು. ಅರುವತ್ತೇಳು ವರ್ಷಗಳ ಅಗಲಿಕೆಯ ನಂತರ ಅಕ್ಕನಿಗೆ ನನ್ನಿಂದ ಬೇಕಾದದ್ದು ಒಂದು ಜೊತೆ ಕಣ್ಣು, ಒಂದು ಜೊತೆ ಕೈ.

ಅಗಲಿಕೆ ಎಂದದ್ದು ಸ್ವಲ್ಪ ಡ್ರಮ್ಯಾಟಿಕ್ ಆಯಿತು. ಗುಲ್ವಾಡಿಗೂ ಕುಂದಾಪುರಕ್ಕೂ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ! ಆದರೂ ದೂರ ದೂರವೇ. ನನಗೆ ಮೂರು ವರ್ಷವಾಗಿದ್ದಾಗ, ಕುಂದಾಪುರದ ಚಿಕ್ಕಮ್ಮ ಮಕ್ಕಳಿಲ್ಲವೆಂದು ನನ್ನನ್ನು ಸಾಕಲು ಕರೆದುಕೊಂಡು ಹೋದಳು. ಚಿಕ್ಕಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ನಾನು ಕಾನ್ವೆಂಟಿಗೆ ಹೋದೆ. ರಿಬ್ಬನ್ನು, ಬಿಳಿ ಕ್ಯಾನ್ವಾಸ್ ಶೂ, ಊಟಕ್ಕೆ ಮುಂಚೆ ಗ್ರೇಸ್ ಪ್ರಾರ್ಥನೆ, ತಪ್ಪು ಮಾಡಿದರೆ ಸಾರಿ, ಮಾಡದಿದ್ದರೂ ಸಾರಿ. ಸಿಸ್ಟರುಗಳು ನನ್ನ ಕುಂದಾಪ್ರ ಕನ್ನಡವನ್ನು ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿದರು. ಈಗಲೂ ನಾನು ಮಾತಾಡಿದರೆ ಅಕ್ಕನ ಊರಿನವರು ರೇಡಿಯೋ ವಾರ್ತೆ ಕೇಳಿದ ಹಾಗೆ ಗಂಭೀರವಾಗುತ್ತಾರೆ. ಅಕ್ಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟಳು. ಗದ್ದೆ, ಹಟ್ಟಿ, ಆಮೇಲೆ ಅದೇ ಊರಿನಲ್ಲೇ ಮದುವೆ, ಮಗ, ಸೊಸೆ. ಅಪ್ಪನಿಂದ ಅವಳಿಗೆ ಬಂದದ್ದು ಜೇನು.

ಅಪ್ಪನ ಜೇನುಗಾರಿಕೆ ಎಂದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ. ರಜೆಗೆ ಹೋದಾಗ ನೋಡಿದ್ದು. ಮರದ ಪೊಟರೆಯಿಂದ ಎರಿಗಳನ್ನು, ಎಂದರೆ ಮೇಣದ ಕೋಣೆಗಳ ಹಲಗೆಗಳನ್ನು, ಇಡಿಯಾಗಿ ಕಿತ್ತು, ಹಳೇ ಪಂಚೆಯಲ್ಲಿ ಕಟ್ಟಿ, ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದರು. ಜೇನಿನ ಜೊತೆ ಮರಿಹುಳಗಳ ಹಾಲೂ ಇಳಿಯುತ್ತಿತ್ತು. ನಾವು ಅಂಗೈ ಒಡ್ಡಿ ನೆಕ್ಕುತ್ತಿದ್ದೆವು. ಎಷ್ಟು ಸಾವಿರ ರಾಣಿಯರು ಹಾಗೆ ನನ್ನ ಹೊಟ್ಟೆಗೆ ಹೋದರೋ! ಆ ಮನುಷ್ಯನ ಮಗಳು ದೊಡ್ಡವಳಾಗಿ ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕಿ, ಒಂದೇ ಒಂದು ಹುಳವನ್ನು ಹಸುಗೂಸಿನ ಹಾಗೆ ಎತ್ತಲು ಕಲಿತಳು.

ಮರುದಿನ ಹೋದಾಗ ಅಕ್ಕ ಜಗಲಿಯಲ್ಲಿ ಮಂಚದ ಮೇಲೆ ಕೂತಿದ್ದಳು. ತಲೆಗೆ ಬೈರಾಸು ಸುತ್ತಿಕೊಂಡಿದ್ದಳು. ಸೊಸೆ ಪ್ರೇಮ ಚಾ ತಂದುಕೊಟ್ಟಳು. ಅಕ್ಕ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದಳು, ಬೆರಳುಗಳಿಂದಲ್ಲ. ಮದ್ದಿನಿಂದ ಬೆರಳ ತುದಿಗಳು ಸತ್ತುಹೋಗಿದ್ದವು. "ಬಿಸಿಯೂ ಇಲ್ಲೆ, ತಂಪೂ ಇಲ್ಲೆ. ಬೇರೆಯೋರ ಬೆರಳ್ ಅಂಟ್ಸಿದ ಹಾಂಗ್ ಇತ್ತ್" ಎಂದಳು. ಕಣ್ಣೂ ಮಂಜು. ಹಾಗಾಗಿ ನಾನು.

ಕೆಲಸ ಇಷ್ಟು. ಹಿಂದೊಮ್ಮೆ ನಮ್ಮ ಕಡೆಯ ಜೇನಿಗೆಲ್ಲ ಒಂದು ರೋಗ ಬಂದಿತ್ತು. ಮರಿಹುಳಗಳು ಕೋಣೆಯಲ್ಲೇ ನೀರು ತುಂಬಿದ ಚೀಲದಂತಾಗಿ ಸಾಯುವ ರೋಗ. ಊರಿನ ಪೆಟ್ಟಿಗೆಗಳೆಲ್ಲ ಬರಿದಾದವು. ಅಕ್ಕನ ಹನ್ನೊಂದರಲ್ಲಿ ಹತ್ತು ಹೋದವು. ಒಂದು ಉಳಿಯಿತು. ಯಾಕೆಂದು ಅವಳು ದಿನಗಟ್ಟಲೆ ಕೂತು ನೋಡಿದಳಂತೆ. ಆ ಪೆಟ್ಟಿಗೆಯ ನೊಣಗಳು, ಹುಳಕ್ಕೆ ಕಾಯಿಲೆ ತಾಗಿದ ಕೂಡಲೇ ಮೂಸಿ ತಿಳಿದು, ಎಳೆದು ತಂದು ಹೊರಗೆ ಬಿಸಾಡುತ್ತಿದ್ದವು. "ಗುಡ್ಸು ಜಾತಿ" ಎಂದು ಅಕ್ಕ ಹೆಸರಿಟ್ಟಳು; ಕಸ ಗುಡಿಸುವ ಜಾತಿ. ಆಮೇಲೆ ರೋಗ ಎರಡು ಸಲ ತಿರುಗಿ ಬಂತು. ಗುಡ್ಸು ಜಾತಿ ಎರಡೂ ಸಲ ಬದುಕಿತು. ಅದರ ವಂಶದ ರಾಣಿ ಬೇಕೆಂದು ಬೈಂದೂರು, ಸಿದ್ದಾಪುರದ ಕಡೆಯಿಂದೆಲ್ಲ ಜನ ಕೇಳಿಕೊಂಡು ಬರುತ್ತಿದ್ದರು. "ಮಾಡಿ ಕೊಡುವ, ಬಪ್ಪ ವರ್ಷ" ಎನ್ನುತ್ತಿದ್ದಳು. ನಾಟಿ, ಕೊಯ್ಲು, ಸೊಸೆಯ ಹೆರಿಗೆ, ಮದುವೆ ಮುಂಜಿ. ಬಪ್ಪ ವರ್ಷ ಎನ್ನುವುದು ಯಾವತ್ತೂ ಬಪ್ಪ ವರ್ಷವೇ ಆಗಿ ಉಳಿಯಿತು.

ಈಗ ಪೆಟ್ಟಿಗೆಯ ರಾಣಿ ಮುದುಕಿಯಾಗಿತ್ತು. ಅಲ್ಲೊಂದು ಇಲ್ಲೊಂದು ಮೊಟ್ಟೆ. ನೊಣಗಳು ಎಷ್ಟು ಕಮ್ಮಿಯೆಂದರೆ ಹೊಸ ರಾಣಿಯನ್ನು ಸಾಕುವ ತ್ರಾಣ ಆ ಪೆಟ್ಟಿಗೆಗೇ ಇರಲಿಲ್ಲ. ಅಲ್ಲಿಂದ ಹುಳ ಎತ್ತಿ ಬಲವಾದ ಪೆಟ್ಟಿಗೆಗೆ ಹಾಕಬೇಕು, ಅದೂ ಗೇರು ಹೂ ಮುಗಿಯುವುದರೊಳಗೆ.

ಬಲವಾದ ಪೆಟ್ಟಿಗೆ ಪಕ್ಕದ ಮನೆಯ ಶೀನಣ್ಣನದು. ಶೀನಣ್ಣ ಬೈಕಿನಲ್ಲಿ ಮೀನು ಮಾರುವವನು. ಬಂಗ್ಡೆಯ ವಾಸನೆಗೆ ನೊಣ ಕೆರಳುತ್ತದೆಂದು, ಪೆಟ್ಟಿಗೆ ಮುಟ್ಟುವ ಮುಂಚೆ ಎರಡು ಸಲ ಸೋಪು ಹಾಕಿ ಮೀಯುತ್ತಿದ್ದ. "ಮದಿ ದಿನ್ವೂ ನಾನ್ ಇಷ್ಟ್ ಮಿಂದದ್ದಿಲ್ಲೆ ಟೀಚರ್ರೆ. ಹೆಂಡ್ತಿಗೆ ಈ ಜೇನ್ ಕಂಡ್ರೆ ಹೊಟ್ಟೆಕಿಚ್ಚ್" ಎಂದು ನನಗೆ ಹೇಳಿದ. ತನ್ನ ಪೆಟ್ಟಿಗೆಯ ರಾಣಿಯನ್ನು ಹಿಡಿಮುಷ್ಟಿ ನೊಣಗಳ ಜೊತೆ ಸಣ್ಣ ಪೆಟ್ಟಿಗೆಗೆ ವರ್ಗ ಮಾಡಿ, ದೊಡ್ಡ ಪೆಟ್ಟಿಗೆಯನ್ನು ನಮಗಾಗಿ ತಬ್ಬಲಿ ಮಾಡಿಕೊಟ್ಟ.

ಹುಳ ಮುಟ್ಟುವ ಮುಂಚೆ ಅಕ್ಕ ನನ್ನನ್ನು ನಾಲ್ಕು ದಿನ ಗಂಜಿತಿಳಿಯ ಮುಂದೆ ಕೂರಿಸಿದಳು. ಬಟ್ಟಲಿನ ತಿಳಿಯ ಮೇಲೆ ಗಸಗಸೆ ಉದುರಿಸಿ, ಒಂದೊಂದೇ ಕಾಳನ್ನು ತೇಲುವ ಹಾಗೆಯೇ ಎತ್ತಿ ಇನ್ನೊಂದು ಬಟ್ಟಲಿಗೆ ತೇಲುವ ಹಾಗೆಯೇ ಇಳಿಸಬೇಕು. ಕಡ್ಡಿ ಅವಳದೇ. ಎಂ.ಎ. ಇಂಗ್ಲಿಷ್ ಮಾಡಿ ಮೂವತ್ತೆರಡು ವರ್ಷ ಪಾಠ ಹೇಳಿದವಳು ಗಸಗಸೆಯ ಮುಂದೆ ಫೇಲ್ ಆಗುತ್ತಾ ಕೂತೆ.

"ಅಕ್ಕ, ಪುಸ್ತಕದಲ್ಲಿ ಸ್ಟೀಲಿನ ಟೂಲ್ ಇದೆ. ಆನ್‌ಲೈನ್ ತರಿಸ್ತೇನೆ."

"ತರ್ಸ್. ಕೈಯೂ ಆನ್‌ಲೈನ್ ಬತ್ತಾ ಕೇಣ್."

ಮೊದಲ ದಿನದ ಎತ್ತುವಿಕೆಯನ್ನು ನಾನು ಮರೆಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಮುಚ್ಚಿ ತಂದ ಎರಿ. ಕೋಣೆಯ ತಳದಲ್ಲಿ ಬಿಳಿಯ ಹನಿಯೊಂದು; ಅದರ ಮೇಲೆ ಮಲಗಿದ ಹುಳ ಎಂದರೆ ಏನು? ಒಂದು ಕಾಮಾ. ಕಾನ್ವೆಂಟಿನ ಕಾಪಿಬುಕ್ಕಿನಲ್ಲಿ ನಮಗೆ ಕಾಮಾ ಬರೆಯಲು ಕಲಿಸಿದ ಸಿಸ್ಟರ್ ಒಬ್ಬರಿದ್ದರು. "ಲೈಟ್ಲೀ, ಗರ್ಲ್ಸ್, ಲೈಟ್ಲೀ" ಎನ್ನುತ್ತಾ ಗೆಣ್ಣಿನ ಮೇಲೆ ರೂಲರಿನಲ್ಲಿ ಬಾರಿಸುತ್ತಿದ್ದರು; ಅವರ ಪೆಟ್ಟು ಮಾತ್ರ ಲೈಟಾಗಿರಲಿಲ್ಲ. ಅವರನ್ನು ನೆನೆದು ಕಾಮಾದ ಬೆನ್ನ ಕಡೆಯಿಂದ ಕಡ್ಡಿ ತೂರಿಸಿದೆ, ಎತ್ತಿದೆ, ಮೇಣದ ಬಟ್ಟಲಿಗೆ ಇಳಿಸಿದೆ. ಹತ್ತು ಬಟ್ಟಲು ತುಂಬಿಸುವಾಗ ಬೆವರು ಗಲ್ಲದಿಂದ ಇಳಿಯುತ್ತಿತ್ತು. ನನಗೆ ನಾನೇ ವೆರಿ ಗುಡ್ ಕೊಟ್ಟುಕೊಂಡೆ.

ಎರಡನೇ ದಿನ ಶೀನಣ್ಣನ ಪೆಟ್ಟಿಗೆ ತೆರೆದರೆ ಹತ್ತೂ ಬಟ್ಟಲು ಬರಿದು. ನೊಣಗಳು ಒರೆಸಿ ಚೊಕ್ಕ ಮಾಡಿಟ್ಟಿದ್ದವು.

"ಮಗ್ಚಿ ಹಾಕಿದ್ದೆ ನೀನ್" ಎಂದಳು ಅಕ್ಕ. ಹುಳ ಉಸಿರಾಡುವುದು ಮೇಲಿನ ಮಗ್ಗುಲಿನಿಂದ. ಎತ್ತುವಾಗ ಮಗುಚಿದರೆ, ತನ್ನ ಊಟದಲ್ಲಿ ತಾನೇ ಮುಳುಗಿ ಸಾಯುತ್ತದೆ. ನನ್ನ ಕೈಯಲ್ಲಿ ಹತ್ತು ಹುಳಗಳು ಹಾಗೆ ಸತ್ತಿದ್ದವು. ಆ ಮುದಿ ರಾಣಿ ಇಟ್ಟ ಮೊಟ್ಟೆಗಳೇ ಲೆಕ್ಕದವು.

"ಸಾರಿ ಅಕ್ಕ" ಎಂದೆ.

"ಸಾರಿಗೆ ಜೀವ ಬತ್ತಿಲ್ಲೆ. ನಾಳೆ ಕಾಂಬ."

ಆ ಸಂಜೆಯೇ ಇರಬೇಕು, ಅವಳು ಆ ಮಾತು ಹೇಳಿದ್ದು. ನಾನು ಎರಿಯನ್ನು ಬೆಳಕಿಗೆ ಹಿಡಿದು ಯಾವ ಹುಳ ಸಣ್ಣದು, ಯಾವುದು ದೊಡ್ಡದು ಎಂದು ಗುರುತಿಸುವುದನ್ನು ಕಲಿಯುತ್ತಿದ್ದೆ. ಒಂದು ದಿನ ದಾಟಿದ ಹುಳ ಆಗುವುದಿಲ್ಲ. ಆಗಲೇ ದುಡಿಯುವವರ ಊಟ ತಿಂದು ಹಾಳಾಗಿರುತ್ತದೆ.

"ಇದು ಆದೀತಾ?" ಎಂದು ಕೇಳಿದೆ.

"ಅದ್ ಹಳೇ ಹುಳ. ಬಿಡ್." ಹೊಳೆಯ ಕಡೆ ನೋಡಿದಳು. "ಚಿಕ್ಕಮ್ಮ ಬಂದ್ ದಿನ ನಾನೂ ತಲೆ ಬಾಚ್ಕಂಡ್ ಕೂಕಂಡಿದ್ದೆ, ಗೊತ್ತಿತ್ತಾ? ನಂಗೆ ಆಗ ಆರ್ ವರ್ಷ. ಅಮ್ಮನತ್ರ ಹೇಳ್ರಂಬ್ರ್, ದೊಡ್ಡದ್ ಬ್ಯಾಡ, ಅದ್ಕೆ ಬುದ್ಧಿ ಬಂದಿತ್ತ್, ಒಗ್ಗುದಿಲ್ಲೆ ಅಂದೇಳಿ."

ನಾನು ಎರಿಯನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟೆ.

"ಮುಖ ಎಂತಕ್ ಹಾಂಗ್ ಮಾಡ್ತೆ? ತೆಗ್ದ್ ಬೇರೆ ಗೂಡಿಗ್ ಹಾಕಿಯೂ ನೀನೇನ್ ರಾಣಿ ಆಯ್ಲಿಲ್ಲೆ. ಟೀಚರ್ ಆದೆ" ಎಂದು ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಪ್ರೇಮ ನೀರು ಹಿಡಿದುಕೊಂಡು ಓಡಿಬಂದಳು.

ಎರಡನೇ ಸಲ ಹುಳ ಎತ್ತಿದ್ದು ಒಂದು ಸೋಮವಾರ. ಅಷ್ಟರಲ್ಲಿ ನನ್ನ ಕೈ ಸ್ವಲ್ಪ ಕೂತಿತ್ತು. ಪೆಟ್ಟಿಗೆಯಲ್ಲಿ ಎತ್ತಲು ತಕ್ಕ ಹುಳ ಸಿಕ್ಕಿದ್ದೇ ಒಂಬತ್ತು. ಒಂದು ನನಗೆ ಸ್ವಲ್ಪ ದೊಡ್ಡದೆನಿಸಿತು, ಆದರೂ ಆಸೆಯಿಂದ ಎತ್ತಿಟ್ಟೆ. ಬುಧವಾರ ತೆರೆದರೆ, ಒಂಬತ್ತರಲ್ಲಿ ಏಳನ್ನು ನೊಣಗಳು ಒಪ್ಪಿಕೊಂಡಿದ್ದವು! ಬಟ್ಟಲಿನ ಅಂಚಿಗೆ ಹೊಸ ಮೇಣ, ಒಳಗೆ ಕೆನೆಯಂಥ ಊಟ, ಅದರ ನಡುವೆ ನನ್ನ ಕಾಮಾ ಗುಂಡಗಾಗಿ ಹೊಳೆಯುತ್ತಾ ಮಲಗಿತ್ತು. ನಾನು ಮಕ್ಕಳನ್ನು ಹೆತ್ತವಳಲ್ಲ. ಆ ಹೊತ್ತಿನಲ್ಲಿ ನನಗೇನಾಯಿತೆಂದು ಬರೆದರೆ ನೀವು ನಗುತ್ತೀರಿ, ನಾನೂ ಬರೆಯುವುದಿಲ್ಲ. ಜಗಲಿಗೆ ಓಡಿ "ಸೆವೆನ್! ಏಳು!" ಎಂದು ಕೂಗಿದ್ದು ಮಾತ್ರ ನಿಜ. ಅಕ್ಕ ಸತ್ತ ಬೆರಳುಗಳಲ್ಲೇ ಏಳು ಎಣಿಸಿದಳು. ಒಂದು ಶೀನಣ್ಣನಿಗೆ, ಒಂದು ತನ್ನ ಪೆಟ್ಟಿಗೆಗೆ, ಎರಡು ಸಿದ್ದಾಪುರಕ್ಕೆ, ಮೂರು ಬೈಂದೂರಿನ ಕಡೆಗೆ. ಶೀನಣ್ಣ ಏಳು ಪುಟ್ಟ ಪೆಟ್ಟಿಗೆ ಜೋಡಿಸಿದ.

ಆ ವಾರವೇ ಅಕ್ಕನ ಮುದಿ ರಾಣಿ ಸತ್ತಿತು. ಪೆಟ್ಟಿಗೆಯ ಬಾಗಿಲಲ್ಲಿ, ಕಾಲು ಮಡಚಿಕೊಂಡು ಬಿದ್ದಿತ್ತು. ಗುಡಿಸುವ ಜಾತಿ ತನ್ನ ತಾಯಿಯನ್ನೂ ಗುಡಿಸಿ ಹೊರಗಿಟ್ಟಿತ್ತು. ಇನ್ನು ಹುಳ ಇಲ್ಲ. ಇದ್ದದ್ದು ಆ ಏಳೇ.

ಮುಂದಿನ ಮಂಗಳವಾರ ಅಕ್ಕ ಮದ್ದಿಗೆ ಆಸ್ಪತ್ರೆಗೆ ಹೋಗಬೇಕಾಗಿತ್ತು, ಬರುವುದು ಗುರುವಾರ ಸಂಜೆ. ಕಾರಿಗೆ ಹತ್ತುವಾಗಲೂ ಅವಳದು ಅದೇ ಮಾತು: "ಹತ್ತನೇ ದಿನ ಬೆಳಿಗ್ಗೆ ಗೂಡು ಕೊಯ್ದ್ ಒಂದೊಂದ್ ಪೆಟ್ಟಿಗೆಗ್ ಒಂದೊಂದ್ ಹಾಕ್ಕ್. ತಡ ಮಾಡ್ಬೇಡ. ಒಂದ್ ರಾಣಿ ಮುಂಚೆ ಹೊರ್ಗೆ ಬಂದ್ರೆ ಬಾಕಿಯವನ್ನೆಲ್ಲ ಕೊಂದ್ ಹಾಕ್ತ್."

"ಡೋಂಟ್ ವರಿ ಅಕ್ಕ, ಡೈರಿಯಲ್ಲಿ ಬರೆದಿದ್ದೇನೆ."

ಬರೆದಿದ್ದೆ. ಸೋಮವಾರ ಎತ್ತಿದ್ದು. ಮಂಗಳವಾರ ಒಂದು ದಿನ, ಬುಧವಾರ ಎರಡು… ಹೀಗೆ ಹತ್ತು ದಿನ ಎಂದರೆ ಗುರುವಾರ. ಲೈಬ್ರರಿಯ ಪುಸ್ತಕಕ್ಕೆ ಡ್ಯೂ ಡೇಟ್ ಹಾಕುವುದು ಹಾಗೆ. ಹತ್ತು ಕಂಬಗಳ ನಡುವೆ ಒಂಬತ್ತು ಸಂದು ಎಂದು ಅದೇ ರೂಲರಿನ ಸಿಸ್ಟರ್ ಕಲಿಸಿದ ಲೆಕ್ಕ ಹಾಗೆ. ಬುಧವಾರ ಬೆಳಿಗ್ಗೆ ಶೀನಣ್ಣ ಬೇಲಿಯಾಚೆಯಿಂದ ಕೂಗಿದ.

"ಹ್ವಾಯ್ ಟೀಚರ್ರೆ, ಇವತ್ತಲ್ದಾ?"

"ಅಲ್ಲ ಶೀನಣ್ಣ, ನಾಳೆ."

"ಅಲ್ದಾ? ನಾನ್ ಇವತ್ ಅಂದ್ಕಂಡ್ ಮಿಂದ್ಕಂಡ್ ಬಂದೆ. ಆಯ್ಲಿ, ನೀವ್ ಬರ್ದಿಟ್ಟದ್ ತಪ್ಪುಕಿತ್ತಾ" ಎಂದು ಮೀನು ತರಲು ಹೋದ.

ಗುರುವಾರ ಬೆಳಿಗ್ಗೆ ಪೆಟ್ಟಿಗೆ ತೆರೆದೆವು. ಬಟ್ಟಲುಗಳೇ ಬೆಳೆದು ಬಾಯಿ ಮುಚ್ಚಿಕೊಂಡ ಏಳು ಗೂಡುಗಳು ಸಾಲಾಗಿ ನೇತಾಡುತ್ತಿದ್ದವು, ಸಿಪ್ಪೆ ಬಿಡಿಸದ ನೆಲಗಡಲೆಯ ಹಾಗೆ. ಒಂದರ ತುದಿ ದುಂಡಗೆ ಕತ್ತರಿಸಿ ಮುಚ್ಚಳದಂತೆ ತೆರೆದುಕೊಂಡಿತ್ತು. ನಾನು ಆಸೆಯಿಂದ ಎತ್ತಿಟ್ಟ ಆ ದೊಡ್ಡ ಹುಳದ್ದೇ ಇರಬೇಕು. ಉಳಿದ ಆರರ ಪಕ್ಕೆಯಲ್ಲಿ ಒಂದೊಂದು ತೂತು. ಶೀನಣ್ಣ ಒಂದನ್ನು ಸೀಳಿ ತೋರಿಸಿದ. ಒಳಗೆ ರೆಕ್ಕೆ ಮೂಡಿದ, ಕಣ್ಣು ಬಂದ, ಪೂರ್ತಿ ತಯಾರಾದ ರಾಣಿ, ಹೊಟ್ಟೆಗೆ ಕೊಂಡಿ ಚುಚ್ಚಿಸಿಕೊಂಡು ಸತ್ತಿತ್ತು. ಎರಡನೆಯದನ್ನು ಸೀಳುವುದು ಬೇಡ ಎಂದೆ. ಎರಿಯ ಮೇಲೆ ಹೊಸ ರಾಣಿ ಅವಸರವಿಲ್ಲದೆ ಓಡಾಡುತ್ತಿತ್ತು, ಮನೆಯಲ್ಲಿ ಎಲ್ಲ ಕೆಲಸ ಮುಗಿಸಿದ ಹೆಂಗಸಿನ ಹಾಗೆ.

ಸಂಜೆ ಅಕ್ಕ ಬಂದಳು. ಹೇಳಿದೆ. ಅವಳು ಸಿಟ್ಟಾಗಲಿಲ್ಲ, ಲೆಕ್ಕ ಕೇಳಿದಳು.

"ಸೋಮ್ವಾರ ಎತ್ತಿದ್ದ್. ಸೋಮ್ವಾರ ಒಂದ್, ಮಂಗ್ಳಾರ ಎರಡ್. ನಿನ್ನೆಗೆ ಹತ್ತ್."

"ಸೋಮವಾರ ಸೊನ್ನೆ ಅಲ್ವಾ ಅಕ್ಕ?"

"ಸೊನ್ನೆಯಾ? ಅಪ್ಪ ಸತ್ತತ್ತಿಗೆ ಸೂತ್ಕ ಎಣ್ಸುಕೆ ಸೊನ್ನೆಯಿಂದ ಶುರು ಮಾಡಿದ್ವಾ ನಾವ್? ಸತ್ತ ದಿನ ದಿನ ಅಲ್ದಾ? ಮಗು ಹುಟ್ಟಿದ್ ದಿನ ಅದ್ ಬದ್ಕಿರ್ಲಿಲ್ಯಾ?"

ನಮ್ಮೂರಿನಲ್ಲಿ ಹುಟ್ಟಿಗೂ ಸಾವಿಗೂ ಅದೇ ದಿನದಿಂದ ಎಣಿಕೆ. ಹೆತ್ತ ಮನೆಯ ಅಮೆ, ಸತ್ತ ಮನೆಯ ಸೂತಕ, ಕೊನೆಯ ಕ್ರಿಯೆಯ ಬೊಜ್ಜ, ಎಲ್ಲದಕ್ಕೂ. ಎಲ್ಲರಿಗೂ ಗೊತ್ತು. ಬಂಗ್ಡೆ ಮಾರುವ ಶೀನಣ್ಣನಿಗೂ ಗೊತ್ತಿತ್ತು, ಮಿಂದು ಬಂದಿದ್ದ. ಗೊತ್ತಿಲ್ಲದಿದ್ದವಳು ನಾನೊಬ್ಬಳು, ಅಪ್ಪ ಹೋದಾಗ ನನಗೆ ಬಿ.ಎ. ಪರೀಕ್ಷೆಯೆಂದು ಚಿಕ್ಕಮ್ಮ ಬೊಜ್ಜದ ದಿನವಷ್ಟೇ ಕಳಿಸಿದ್ದಳು.

"ಒಂದ್ ಇತ್ತಲೆ. ಕಾಂಬ" ಎಂದಳು ಅಕ್ಕ, ಗೋಡೆಯ ಕಡೆ ಹೊರಳಿ.

ಒಂದು ಇತ್ತು. ಆದರೆ ಹುಟ್ಟಿದ ರಾಣಿ ಒಮ್ಮೆ ಹೊರಗೆ ಹಾರಿ, ಆಕಾಶದಲ್ಲಿ ಗಂಡುನೊಣಗಳನ್ನು ಕೂಡಿ, ತಿರುಗಿ ಅದೇ ಪೆಟ್ಟಿಗೆಗೆ ಬಂದರಷ್ಟೇ ರಾಣಿ. ಆ ದಿನಗಳಲ್ಲಿ ನಾನು ಗುಲ್ವಾಡಿಯಲ್ಲೇ ಉಳಿದೆ. ಕರೆಂಟಿನ ತಂತಿಯ ಮೇಲೆ ಜೇನುನೊಣ ಹಿಡಿಯುವ ಹಸಿರು ಹಕ್ಕಿಗಳು ಸಾಲಾಗಿ ಕೂರುತ್ತಿದ್ದವು. ಎಪ್ಪತ್ತು ವರ್ಷದ ಹೆಂಗಸು ಹಳೇ ಕೊಡೆ ಬೀಸಿಕೊಂಡು ಹಕ್ಕಿ ಓಡಿಸುವುದನ್ನು ಕಂಡು ಬಸ್ಸಿನವರು ಹಾರ್ನ್ ಹೊಡೆದು ಹುರಿದುಂಬಿಸಿದರು. ಒಳಗೆ ಅಕ್ಕ ದಿನದಿನಕ್ಕೂ ಇಳಿಯುತ್ತಿದ್ದಳು. ಇನ್ನು ಆಸ್ಪತ್ರೆಗೆ ಬರುವುದಿಲ್ಲ ಎಂದು ಮಗನಿಗೆ ಹೇಳಿಬಿಟ್ಟಿದ್ದಳು. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: "ಮೊಟ್ಟೆ ಕಂಡ್ತಾ?" ಮೊಟ್ಟೆ ಕಂಡರೆ ರಾಣಿ ಬಂದಿದೆ ಎಂದು. ಗುಡ್ಸು ಜಾತಿ ಉಳಿಯಿತು ಎಂದು.

"ಪೆಟ್ಟಿಗೆ ಮತ್ ಮತ್ ತೆಗಿಬೇಡ" ಎಂದು ಅವಳೇ ಹೇಳಿದ್ದರಿಂದ ಎರಡೂವರೆ ವಾರ ತಡೆದೆ. ಆಮೇಲೆ ಒಂದು ಬೆಳಿಗ್ಗೆ ಶೀನಣ್ಣ ಪೇಟೆಗೆ ಹೋಗಿದ್ದಾಗ ತಾಳ್ಮೆ ತಪ್ಪಿ ನಾನೊಬ್ಬಳೇ ತೆರೆದೆ. ಎರಿಯನ್ನು ಬಿಸಿಲಿಗೆ ಹಿಡಿದೆ. ಕೋಣೆಗಳ ತಳದಲ್ಲಿ ಬಿಳಿ ದಾರದ ತುಣುಕುಗಳ ಹಾಗೆ ಮೊಟ್ಟೆ! ಒಂದೆರಡಲ್ಲ, ಎಲ್ಲೆಲ್ಲೂ ಮೊಟ್ಟೆ. ಪೆಟ್ಟಿಗೆ ಮುಚ್ಚಿದೆನೋ ಇಲ್ಲವೋ, ಜಗಲಿಗೆ ಓಡಿದೆ.

"ಅಕ್ಕ, ಮೊಟ್ಟೆ ಇಟ್ಟಿದೆ!"

ಅಕ್ಕ ಏಳಲು ನೋಡಿದಳು. ಪ್ರೇಮ ಬೆನ್ನಿಗೆ ಕೈ ಕೊಟ್ಟು ಕೂರಿಸಿದಳು. ಅಷ್ಟು ದಿನಗಳಲ್ಲಿ ಅವಳ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಕಂಡ್ಯಾ? ಸಮಾ ಕಂಡ್ಯಾ? ಕೋಣೆಗ್ ಒಂದೊಂದಾ?"

"ಒಂದಲ್ಲ ಅಕ್ಕ! ಒಂದೊಂದರಲ್ಲಿ ಮೂರು, ನಾಲ್ಕು! ಗೋಡೆಗೆಲ್ಲ ಅಂಟಿಸಿಬಿಟ್ಟಿದೆ" ಎಂದೆ. ಎಷ್ಟು ಹೆಮ್ಮೆಯಿಂದ ಹೇಳಿದೆ! ಪೂರ್ತಿ ಮಾರ್ಕು ತಂದ ಹುಡುಗಿಯ ಹಾಗೆ.

ಅಕ್ಕ ಮತ್ತೆ ಮಂಚಕ್ಕೆ ಒರಗಿದಳು. ಪ್ರೇಮ ನನ್ನ ಮುಖ ನೋಡಿದಳು. ಅಕ್ಕ, "ಅದ್ ರಾಣಿ ಇಟ್ಟದ್ದಲ್ಲ ಹೆಣೆ" ಎಂದಳು.

ರಾಣಿ ಕೋಣೆಗೆ ಒಂದೇ ಮೊಟ್ಟೆ ಇಡುತ್ತದೆ, ತಳದ ನಟ್ಟನಡುವೆ. ರಾಣಿ ಹೋಗಿ ದಿನ ಕಳೆದರೆ, ದಿಕ್ಕುಗೆಟ್ಟ ಕೆಲಸದ ನೊಣಗಳೇ ಮೊಟ್ಟೆ ಇಡಲು ಶುರುಮಾಡುತ್ತವೆ; ಕಂಡ ಕಂಡಲ್ಲಿ, ಮೂರು ನಾಲ್ಕು. ಅವುಗಳಿಂದ ಹುಟ್ಟುವುದು ಬರೀ ಗಂಡು, ಕೆಲಸಕ್ಕಿಲ್ಲದ್ದು. ನಮ್ಮ ರಾಣಿ ಹಾರಿ ಹೋದದ್ದು ತಿರುಗಿ ಬಂದಿರಲಿಲ್ಲ. ನನ್ನ ಕೈಪಿಡಿಯಲ್ಲಿ ಇದೆಲ್ಲ ಇದೆ. ಆ ಪುಟದವರೆಗೆ ನಾನು ಓದಿರಲಿಲ್ಲ.

"ತಪ್ಪು ನನ್ನದು ಅಕ್ಕ. ಒಂದು ದಿನದ ತಪ್ಪು" ಎಂದೆ.

"ನಿಂದ್ ಒಂದ್ ದಿನ. ನಂದ್ ಹತ್ತ್ ವರ್ಷ. ಕೊಡ್ತೆ ಕೊಡ್ತೆ ಅಂದ್ಕಂಡೇ ಕೂಕಂಡೆ" ಎಂದಳು. ಮತ್ತೆ ಕಣ್ಣು ಮುಚ್ಚಿಕೊಂಡೇ ಮುಂದಿನ ಕೆಲಸ ಹೇಳಿದಳು. ರಾಣಿಯಿಲ್ಲದ ಆ ನೊಣಗಳನ್ನು ಹಾಗೇ ಸಾಯಲು ಬಿಡಬಾರದು. ಶೀನಣ್ಣ ಮೊದಲು ಬೇರೆ ಮಾಡಿಟ್ಟಿದ್ದ ಅವುಗಳ ಹಳೇ ರಾಣಿ ಸಣ್ಣ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಆ ಸಣ್ಣ ಪೆಟ್ಟಿಗೆಯ ಎದುರು ಬಿಳಿ ಬಟ್ಟೆ ಹಾಸಿ ಎಲ್ಲವನ್ನೂ ಕೊಡವಿಬಿಡಬೇಕು. ಅವಾಗಿಯೇ ನಡೆದು ಒಳಗೆ ಹೋಗುತ್ತವೆ, ಸೇರಿಸಿಕೊಂಡರೆ.

ಮಧ್ಯಾಹ್ನ ಶೀನಣ್ಣ ಬಂದು, ಮಿಂದು, ಇಬ್ಬರೂ ಕೊಡವಿದೆವು. ಬಟ್ಟೆಯ ಮೇಲೆ ನೊಣಗಳ ರಾಶಿ ಬಿತ್ತು. ಮೊದಲು ದಿಕ್ಕು ತಿಳಿಯದೆ ಸುತ್ತಿದವು. ಆಮೇಲೆ ಒಂದು, ಅದರ ಹಿಂದೆ ಹತ್ತು, ಸಣ್ಣ ಪೆಟ್ಟಿಗೆಯ ಬಾಗಿಲಿಗೆ ನಡೆದವು. ಬಾಗಿಲಲ್ಲಿ ಕಾವಲಿನ ನೊಣಗಳು ಒಂದೊಂದನ್ನೇ ಮೂಸಿ ನೋಡುತ್ತಿದ್ದವು. ಕೆಲವನ್ನು ಹಿಡಿದು ಎಳೆದಾಡಿ ಕೊಂದವು.

"ಹೋತೊ ಬತ್ತೊ ಟೀಚರ್ರೆ?" ಎಂದ ಶೀನಣ್ಣ, ಬಗ್ಗಿ ನೋಡುತ್ತಾ. ಎಂದೂ ಜೋಕು ಮಾಡದೆ ಇರದವನು ಅವತ್ತು ಮಾಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಟ್ಟೆ ಖಾಲಿಯಾಗಿತ್ತು. ಝಾಡಿಸಿ ಮಡಚಿ ಒಳಗೆ ಬಂದೆ. ಅಕ್ಕ ಎಚ್ಚರವಾಗಿದ್ದಳು.

"ಸೇರ್ಸ್ಕಂಡ್ತಾ?"

"ಹೆಚ್ಚಿನವನ್ನು ಸೇರಿಸಿಕೊಂಡವು. ಸ್ವಲ್ಪ ಬಾಗಿಲಲ್ಲೇ ಸತ್ತವು."

"ಹಾಂಗೇ ಆತ್ತ್. ಹೊಟ್ಟೆಯಂಗೆ ಒಂಚೂರ್ ಜೇನ್ ತಕಂಡ್ ಹೋದ್ರೆ ಒಳಗ್ ಬಿಡ್ತ್. ಬರೀಗೈಯಂಗೆ ಬಂದದ್ದನ್ನ ಬಿಡ್ತಿಲ್ಲೆ." ಕಣ್ಣು ತೆರೆದು ನನ್ನನ್ನೇ ನೋಡಿದಳು. "ನೀನ್ ಸಣ್ಣೋಳ್ ಇಪ್ಪೊತ್ತಿಗೆ ರಜೆಗ್ ಬಪ್ಪೊತ್ತಿಗೆಲ್ಲ ಬೇಕರಿ ಬನ್ ತತ್ತಿದ್ದೆ. ಕಾಗ್ದದ್ ಕಟ್ಟಂಗೆ, ಆರ್ ಬನ್. ನೆನ್ಪಿತ್ತಾ?"

"ಇದೆ. ನೀನು ಬಾಗಿಲಲ್ಲೇ ಕಾಯ್ತಿದ್ದೆ. ನಿನಗೆ ತುಂಬಾ ಇಷ್ಟ ಅಂತ ಚಿಕ್ಕಮ್ಮನ ಹತ್ತಿರ ಹಟ ಮಾಡಿ ತರ್ತಿದ್ದೆ."

"ಕಾಯ್ತಿದ್ದದ್ ಹೌದ್. ನಂಗ್ ಆ ಬನ್ ಒಂಚೂರೂ ಸೇರ್ತಿರ್ಲಿಲ್ಲೆ ಹೆಣೆ" ಎಂದಳು ಅಕ್ಕ.